ಮನೆಗೆ ಇಂಟರ್ನೆಟ್: ಕೈಗೆಟುಕುವ ಸಂಪರ್ಕವನ್ನು ಆರಿಸುವ ಬಗೆ

ಪಹಣಿ ನೋಡುವುದು, ಮಾರುಕಟ್ಟೆಯ ಧಾರಣೆ ತಿಳಿಯುವುದು, ಫ್ರೂಟ್ಸ್ ದಾಖಲೆಯಲ್ಲಿ ಸರ್ವೆ ನಂಬರು ಸರಿಯಾಗಿದೆಯೇ ಎಂದು ಪರೀಕ್ಷಿಸುವುದು, ಪಿ.ಎಂ. ಕಿಸಾನ್ ಹಣಕ್ಕೆ ಇ-ಕೆವೈಸಿ ಮಾಡಿಸುವುದು ಮುಂತಾದ ಕೆಲಸಗಳಿಗೆ ಈಗ ಇಂಟರ್ನೆಟ್ ಬೇಕು. 2020ರಿಂದ ನಮ್ಮ ರಾಜ್ಯದಲ್ಲಿ ಬೆಳೆ ಸಮೀಕ್ಷೆಯ ವಿವರವನ್ನು ರೈತರೇ ತಮ್ಮ ಫೋನಿನಲ್ಲಿ ದಾಖಲಿಸುವ ಅವಕಾಶ ಬಂದಿದೆ. ಮಕ್ಕಳ ಪಾಠ, ಅರ್ಜಿ, ಫಲಿತಾಂಶಗಳೂ ಇದರಲ್ಲೇ ಬರುತ್ತವೆ. ಬೆಳೆ ವಿಮೆಯ ಕೊನೆಯ ದಿನ ಸಂಪರ್ಕ ಕೈಕೊಟ್ಟರೆ ಆಗುವ ನಷ್ಟ ಎಷ್ಟೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ.

ಆದುದರಿಂದಲೇ ಊರಿಗೆ ಬರುವ ಕರಪತ್ರಗಳನ್ನು ನೋಡಿ ಅನೇಕರು ಅವಸರದಲ್ಲಿ ಸಂಪರ್ಕ ಪಡೆಯುತ್ತಾರೆ. ಬಿತ್ತನೆ ಬೀಜ ಕೊಳ್ಳುವಾಗ ನಾವು ಚೀಲದ ಮೇಲಿನ ಬೆಲೆಯನ್ನು ಮಾತ್ರ ನೋಡುವುದಿಲ್ಲ. ಮೊಳಕೆ ಪ್ರಮಾಣ ಎಷ್ಟು, ನಮ್ಮ ಮಣ್ಣಿಗೆ ಹೊಂದುತ್ತದೆಯೇ ಎಂದೂ ಕೇಳುತ್ತೇವೆ. ಇಂಟರ್ನೆಟ್ ಸಂಪರ್ಕಕ್ಕೂ ಇದೇ ಕ್ರಮ ಅನ್ವಯಿಸುತ್ತದೆ. ತಿಂಗಳ ಬಾಡಿಗೆ ಕಡಿಮೆ ಇರುವುದೆಲ್ಲ ಅಗ್ಗದ ಸಂಪರ್ಕವಲ್ಲ. ನಿಮ್ಮ ಅಗತ್ಯಕ್ಕೆ ಸಾಕಾಗುವ, ವರ್ಷದ ಒಟ್ಟು ಖರ್ಚು ಕಡಿಮೆ ಬೀಳುವ, ಕೆಟ್ಟಾಗ ಬೇಗ ದುರಸ್ತಿಯಾಗುವ ಸಂಪರ್ಕವೇ ನಿಜವಾಗಿ ಅಗ್ಗದ್ದು. ಇದನ್ನು ಲೆಕ್ಕ ಹಾಕುವ ವಿಧಾನವನ್ನು ಈ ಪಾಠದಲ್ಲಿ ತಿಳಿಯೋಣ.

ಮೊದಲು ಅಗತ್ಯದ ಲೆಕ್ಕ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಇಲ್ಲಿಯೂ ಸರಿ. ಮನೆಯಲ್ಲಿ ದಿನಕ್ಕೆ ಎಷ್ಟು ಇಂಟರ್ನೆಟ್ ಖರ್ಚಾಗುತ್ತದೆ ಎಂಬುದನ್ನು ಮೊದಲು ತಿಳಿಯಿರಿ. ಇದನ್ನು ಅಳೆಯುವ ಮಾನ ಗಿಗಾಬೈಟ್, ಅಂದರೆ ಜಿ.ಬಿ. ಸಂದೇಶ, ಧಾರಣೆ, ಹವಾಮಾನದ ಮುನ್ಸೂಚನೆಗಳಿಗೆ ತಗಲುವುದು ಬಹಳ ಅಲ್ಪ. ಹೆಚ್ಚು ತಿನ್ನುವುದು ಚಲನಚಿತ್ರ, ಅಂದರೆ ವೀಡಿಯೊ. ಸಾಧಾರಣ ಸ್ಪಷ್ಟತೆಯ ವೀಡಿಯೊ ಒಂದು ಗಂಟೆಗೆ ಸುಮಾರು 0.7 ಜಿ.ಬಿ. ತಿನ್ನುತ್ತದೆ. ದೊಡ್ಡ ಟಿ.ವಿ.ಯಲ್ಲಿ ಹೆಚ್ಚು ಸ್ಪಷ್ಟತೆಯಲ್ಲಿ ನೋಡಿದರೆ ಗಂಟೆಗೆ 3 ಜಿ.ಬಿ.ವರೆಗೂ ಹೋಗುತ್ತದೆ.

ಉದಾಹರಣೆಗೆ, ಇಬ್ಬರು ಮಕ್ಕಳು ತಲಾ ಒಂದು ಗಂಟೆ ಪಾಠ ನೋಡುವ, ಹಿರಿಯರು ಅರ್ಧ ಗಂಟೆ ಕೃಷಿ ಕಾರ್ಯಕ್ರಮ ನೋಡುವ ಮನೆಯನ್ನು ತೆಗೆದುಕೊಳ್ಳಿ. ಪಾಠಕ್ಕೆ 1.4 ಜಿ.ಬಿ., ಕಾರ್ಯಕ್ರಮಕ್ಕೆ 0.35 ಜಿ.ಬಿ., ಇತರೆಗೆ 0.25 ಜಿ.ಬಿ. ಸೇರಿ ದಿನಕ್ಕೆ 2 ಜಿ.ಬಿ., ತಿಂಗಳಿಗೆ 60 ಜಿ.ಬಿ. ಆಯಿತು. ಇದೇ ಮನೆಯಲ್ಲಿ ಸಂಜೆ ಎರಡು ಗಂಟೆ ದೊಡ್ಡ ಟಿ.ವಿ.ಯಲ್ಲಿ ಹೆಚ್ಚು ಸ್ಪಷ್ಟತೆಯ ಸಿನಿಮಾ ನೋಡಿದರೆ ದಿನಕ್ಕೆ 8 ಜಿ.ಬಿ., ತಿಂಗಳಿಗೆ 240 ಜಿ.ಬಿ. ಆಗುತ್ತದೆ.

ಮೊದಲನೆಯ ಬಗೆಯ ಮನೆಗೆ ಎರಡು ಫೋನುಗಳ ಸಾಧಾರಣ ರೀಚಾರ್ಜೇ ಸಾಕಾಗಬಹುದು; ಹೊಸ ಸಂಪರ್ಕ ಬೇಕಾಗಿಲ್ಲ. ಎರಡನೆಯ ಬಗೆಯ ಮನೆಗೆ ತಂತಿಯ ಸಂಪರ್ಕ ಲಾಭದಾಯಕ. ನಿಮ್ಮ ಮನೆಯ ಲೆಕ್ಕ ತಿಳಿಯಲು ಪ್ರತಿ ಫೋನಿನ ಸೆಟ್ಟಿಂಗ್ಸ್ ಪುಟದಲ್ಲಿ ತಿಂಗಳಿಗೆ ಬಳಸಿದ ಡೇಟಾ ಎಷ್ಟೆಂದು ನೋಡಿ, ಎಲ್ಲವನ್ನೂ ಕೂಡಿಸಿ.

ವೇಗ ಎಷ್ಟಿರಬೇಕು?

ಕರಪತ್ರಗಳಲ್ಲಿ 30, 60, 100, 300 ಎಂ.ಬಿ.ಪಿ.ಎಸ್. ಎಂದು ಬರೆದಿರುತ್ತದೆ. ಇದು ವೇಗದ ಅಳತೆ. ಕೊಳವೆಯಲ್ಲಿ ಸೆಕೆಂಡಿಗೆ ಎಷ್ಟು ನೀರು ಹರಿಯುತ್ತದೆ ಎಂಬಂತೆ. ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ವೇಗವನ್ನು ಮೆಗಾಬಿಟ್‌ನಲ್ಲಿ ಹೇಳುತ್ತಾರೆ, ಕಡತದ ಗಾತ್ರವನ್ನು ಮೆಗಾಬೈಟ್‌ನಲ್ಲಿ ಹೇಳುತ್ತಾರೆ. 8 ಬಿಟ್ ಸೇರಿದರೆ 1 ಬೈಟ್. ಆದುದರಿಂದ 30 ಎಂ.ಬಿ.ಪಿ.ಎಸ್. ಸಂಪರ್ಕದಲ್ಲಿ ಸೆಕೆಂಡಿಗೆ ಬರುವುದು 3.75 ಮೆಗಾಬೈಟ್ ಮಾತ್ರ. ಹಾಗಿದ್ದರೂ 300 ಮೆಗಾಬೈಟ್‌ನ ಒಂದು ಪಾಠ 80 ಸೆಕೆಂಡಿನಲ್ಲಿ ಬಂದು ಸೇರುತ್ತದೆ. 2 ಎಂ.ಬಿ.ಪಿ.ಎಸ್. ವೇಗದಲ್ಲಿ ಅದೇ ಪಾಠಕ್ಕೆ 20 ನಿಮಿಷ ಬೇಕು. 2023ರ ಜನವರಿಯಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಇರಬೇಕಾದ ಕನಿಷ್ಠ ವೇಗವನ್ನು 2 ಎಂ.ಬಿ.ಪಿ.ಎಸ್. ಎಂದು ನಿಗದಿಪಡಿಸಿತು. ಇದು ಕನಿಷ್ಠ ಮಿತಿಯೇ ಹೊರತು ಸುಖವಾಗಿ ಬಳಸಲು ಸಾಕಾಗುವ ವೇಗವಲ್ಲ.

ಹೆಚ್ಚು ಸ್ಪಷ್ಟತೆಯ ಒಂದು ವೀಡಿಯೊಗೆ ಸುಮಾರು 5 ಎಂ.ಬಿ.ಪಿ.ಎಸ್. ಸಾಕು. ಒಂದೇ ಹೊತ್ತಿನಲ್ಲಿ ನಾಲ್ವರು ನೋಡಿದರೂ 20. ಆದುದರಿಂದ ಐದಾರು ಜನರ ಮನೆಗೆ 30 ಎಂ.ಬಿ.ಪಿ.ಎಸ್. ಧಾರಾಳ. ಎರಡಿಂಚಿನ ನೀರು ಸಾಕಾಗುವ ತೋಟಕ್ಕೆ ಆರಿಂಚಿನ ಕೊಳವೆ ಹಾಕಿಸಿದರೆ ಬೆಳೆ ಹೆಚ್ಚುವುದಿಲ್ಲ, ಖರ್ಚು ಮಾತ್ರ ಹೆಚ್ಚುತ್ತದೆ. ಇದಲ್ಲದೆ ಪತ್ರದಲ್ಲಿ ‘30 ಎಂ.ಬಿ.ಪಿ.ಎಸ್.ವರೆಗೆ’ ಎಂದು ಬರೆದಿದ್ದರೆ ಅದು ಗರಿಷ್ಠ ವೇಗ. ಸಂಜೆ 7ರಿಂದ 10 ಗಂಟೆಯವರೆಗೆ ಊರೆಲ್ಲ ಬಳಸುವಾಗ ಸಿಗುವ ವೇಗವೇ ನಿಮ್ಮ ನಿಜವಾದ ವೇಗ.

‘ಅನಿಯಮಿತ’ ಎಂಬ ಮಾತನ್ನೂ ವಿಚಾರಿಸಿ ನೋಡಬೇಕು. ಅನೇಕ ಯೋಜನೆಗಳಲ್ಲಿ ತಿಂಗಳಿಗೆ ಇಷ್ಟು ಜಿ.ಬಿ. ಎಂಬ ಮಿತಿ ಇದ್ದು, ಅದನ್ನು ದಾಟಿದ ಮೇಲೆ ವೇಗ ಇಳಿಯುತ್ತದೆ. ಮಿತಿ ಎಷ್ಟು, ಇಳಿದ ಮೇಲಿನ ವೇಗ ಎಷ್ಟು ಎಂದು ಕೇಳಿ ಬರೆದುಕೊಳ್ಳಿ. ತಿಂಗಳಿಗೆ 240 ಜಿ.ಬಿ. ಬಳಸುವ ಮನೆಗೆ 1,000 ಜಿ.ಬಿ. ಮಿತಿ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಅದಕ್ಕಿಂತ ದೊಡ್ಡ ಮಿತಿಗೆ ಹೆಚ್ಚು ಹಣ ಕೊಡುವುದು ವ್ಯರ್ಥ.

ನಿಮ್ಮ ಮನೆಯವರೆಗೆ ಬರುವುದು ಯಾವುದು?

ಹಳ್ಳಿಗಳಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆಯ ಸಂಪರ್ಕಗಳು ಸಿಗುತ್ತವೆ.

1. ಫೈಬರ್ ಕೇಬಲ್: ಕೂದಲಿನಷ್ಟು ತೆಳುವಾದ ಗಾಜಿನ ಎಳೆಯಲ್ಲಿ ಬೆಳಕಿನ ಮೂಲಕ ಸಂಪರ್ಕ ಬರುತ್ತದೆ. ಮಳೆ, ಮೋಡ, ಮರಗಳ ಅಡ್ಡಿ ಇದಕ್ಕಿಲ್ಲ. ತಿಂಗಳ ಬಳಕೆ ಹೆಚ್ಚಿರುವ ಮನೆಗೆ ಇದೇ ಉತ್ತಮ. ಬಿ.ಎಸ್.ಎನ್.ಎಲ್., ಖಾಸಗಿ ಕಂಪನಿಗಳು ಮತ್ತು ಸ್ಥಳೀಯ ಕೇಬಲ್ ಆಪರೇಟರುಗಳು ಇದನ್ನು ಒದಗಿಸುತ್ತಾರೆ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಕೇಂದ್ರದ ಯೋಜನೆಗೆ 2011ರಲ್ಲಿ ಒಪ್ಪಿಗೆ ದೊರೆಯಿತು. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. 2023ರ ಆಗಸ್ಟ್‌ನಲ್ಲಿ ಸುಮಾರು 1,39,579 ಕೋಟಿ ರೂಪಾಯಿ ವೆಚ್ಚದ ತಿದ್ದುಪಡಿ ಯೋಜನೆಗೆ ಸಚಿವ ಸಂಪುಟ ಒಪ್ಪಿಗೆ ನೀಡಿತು. ಇದರಲ್ಲಿ ಊರಿನವರೇ ಆದ ಉದ್ಯಮಿಗಳ ಮೂಲಕ ಮನೆಗಳಿಗೆ ಸಂಪರ್ಕ ಕೊಡುವ ವ್ಯವಸ್ಥೆ ಇದೆ. ನಿಮ್ಮ ಪಂಚಾಯಿತಿಗೆ ಈ ಎಳೆ ಬಂದಿದೆಯೇ, ಮನೆಗೆ ಕೊಡುವವರು ಯಾರು ಎಂದು ಪಂಚಾಯಿತಿ ಕಚೇರಿಯಲ್ಲಿ ವಿಚಾರಿಸಿ.

2. ಗೋಪುರದಿಂದ ಮನೆಗೆ ನಿಸ್ತಂತು ಸಂಪರ್ಕ: ಮನೆಯ ಮೇಲೆ ಒಂದು ಪೆಟ್ಟಿಗೆ ಕೂರಿಸಿ 5ಜಿ ಟವರಿನಿಂದ ಸಿಗ್ನಲ್ ಪಡೆಯುವ ಏರ್‌ಫೈಬರ್ ಸೇವೆಯನ್ನು 2023ರಲ್ಲಿ ಏರ್‌ಟೆಲ್ ಮತ್ತು ಜಿಯೊ ಆರಂಭಿಸಿದವು. ಕೆಲವೆಡೆ ಸ್ಥಳೀಯ ಕಂಪನಿಗಳು ತಮ್ಮದೇ ಕಂಬ ನಿಲ್ಲಿಸಿ ಇಂತಹ ಸೇವೆ ಕೊಡುತ್ತವೆ. ತಂತಿ ಎಳೆಯಲಾಗದ ತೋಟದ ಮನೆಗೆ ಇದು ಅನುಕೂಲ. ಗುಡ್ಡ ಅಥವಾ ದಟ್ಟ ಮರಗಳು ಅಡ್ಡ ಬಂದರೆ ಸಿಗ್ನಲ್ ಕುಗ್ಗುತ್ತದೆ. ಬೇಸಿಗೆಯಲ್ಲಿ ಪರೀಕ್ಷಿಸಿದಾಗ ಚೆನ್ನಾಗಿದ್ದದ್ದು ಮರ ಚಿಗುರಿದ ಮೇಲೆ ಕುಗ್ಗಬಹುದು.

3. ಮೊಬೈಲ್ ಸಿಮ್: ಫೋನಿನ ಹಾಟ್‌ಸ್ಪಾಟ್ ಅಥವಾ ಸಿಮ್ ಹಾಕುವ ಚಿಕ್ಕ ರೂಟರ್‌ನಿಂದ ಮನೆಯವರೆಲ್ಲ ಬಳಸಬಹುದು. ಜೋಡಣೆಯ ಖರ್ಚಿಲ್ಲ, ಬೇಡವೆಂದಾಗ ನಿಲ್ಲಿಸಬಹುದು. ದಿನದ ಮಿತಿ ಮುಗಿದರೆ ವೇಗ ಬಹಳ ಇಳಿಯುತ್ತದೆ. ಮನೆಯೊಳಗೆ ಯಾವ ಕಂಪನಿಯ ಸಿಗ್ನಲ್ ಚೆನ್ನಾಗಿದೆ ಎಂಬುದನ್ನು ನೆರೆಹೊರೆಯವರ ಫೋನು ತರಿಸಿ ಪರೀಕ್ಷಿಸಿಯೇ ತೀರ್ಮಾನಿಸಿ.

4. ಸಾರ್ವಜನಿಕ ವೈಫೈ: 2020ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿ.ಎಂ. ವಾಣಿ ಯೋಜನೆಯಂತೆ ಅಂಗಡಿ, ಚಹಾದ ಹೋಟೆಲು, ಸಹಕಾರ ಸಂಘ ಯಾರು ಬೇಕಾದರೂ ಪರವಾನಗಿ ಶುಲ್ಕವಿಲ್ಲದೆ ವೈಫೈ ಕೇಂದ್ರ ನಡೆಸಬಹುದು. ನಾಲ್ಕಾರು ಮನೆಯವರು ಸೇರಿ ಒಬ್ಬರ ಮನೆಯ ಸಂಪರ್ಕವನ್ನೇ ಹಂಚಿಕೊಂಡು ಹಣ ವಸೂಲು ಮಾಡುವುದು ಸಾಮಾನ್ಯವಾಗಿ ಕಂಪನಿಯ ಕರಾರಿಗೆ ವಿರುದ್ಧ. ಹಾಗೆ ಹಂಚುವ ಇಚ್ಛೆಯಿದ್ದರೆ ಹಾಲು ಉತ್ಪಾದಕರ ಸಂಘದಂತಹ ಕಡೆ ಈ ಯೋಜನೆಯ ಮೂಲಕ ಮಾಡುವುದು ಕ್ರಮ.

ವರ್ಷದ ಖರ್ಚನ್ನು ಲೆಕ್ಕ ಹಾಕಿ

ಮುಂದೆ ಕೊಟ್ಟಿರುವ ದರಗಳು ಲೆಕ್ಕ ತೋರಿಸಲು ಮಾತ್ರ. ಯಾವ ಕಂಪನಿಯ ದರಗಳೂ ಅಲ್ಲ. ನಿಮ್ಮ ಊರಿನ ದರಗಳನ್ನು ಹಾಕಿ ಇದೇ ರೀತಿ ಮಾಡಿ.

ಫೈಬರ್ ಸಂಪರ್ಕದ ಜಾಹೀರಾತಿನಲ್ಲಿ ಹೇಳುವ ಬಾಡಿಗೆಗೆ ಸಾಮಾನ್ಯವಾಗಿ ಶೇಕಡ 18ರ ಜಿ.ಎಸ್.ಟಿ. ಪ್ರತ್ಯೇಕ. ಮೊಬೈಲ್ ರೀಚಾರ್ಜ್ ದರದಲ್ಲಿ ತೆರಿಗೆ ಸೇರಿರುತ್ತದೆ. ಎರಡನ್ನೂ ಹಾಗೆಯೇ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಮೊದಲನೆಯ ಕಂಪನಿಯ ಬಾಡಿಗೆ ರೂ. 400, ಜೋಡಣೆಗೆ ರೂ. 1,500 ಎಂದಿರಲಿ. ತೆರಿಗೆ ಸೇರಿ ತಿಂಗಳಿಗೆ ರೂ. 472, ವರ್ಷಕ್ಕೆ ರೂ. 5,664. ಎರಡನೆಯ ಕಂಪನಿಯ ಬಾಡಿಗೆ ರೂ. 450, ಜೋಡಣೆ ಉಚಿತ. ತೆರಿಗೆ ಸೇರಿ ತಿಂಗಳಿಗೆ ರೂ. 531, ವರ್ಷಕ್ಕೆ ರೂ. 6,372. ಜೋಡಣೆಯ ಹಣವನ್ನು ಸೇರಿಸಿದರೆ ಮೊದಲ ವರ್ಷ ಮೊದಲನೆಯದಕ್ಕೆ ರೂ. 7,164 ಆಗಿ, ಅದೇ ದುಬಾರಿಯಾಗುತ್ತದೆ.

ಎರಡನೆಯ ವರ್ಷ ಮೊದಲನೆಯದು ರೂ. 708 ಅಗ್ಗ. ಆದರೆ ಅದು ತಿಂಗಳಿಗೆ 5 ದಿನ ಕೆಟ್ಟು ನಿಲ್ಲುತ್ತದೆ, ಎರಡನೆಯದು ತಿಂಗಳಿಗೆ 1 ದಿನ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ನಿಂತ ದಿನ ಫೋನಿಗೆ ರೂ. 20ರ ಹೆಚ್ಚುವರಿ ಡೇಟಾ ಹಾಕಿಸಿದರೆ ಮೊದಲನೆಯದಕ್ಕೆ ವರ್ಷಕ್ಕೆ 60 ದಿನಕ್ಕೆ ರೂ. 1,200 ಸೇರಿ ರೂ. 6,864 ಆಗುತ್ತದೆ. ಎರಡನೆಯದಕ್ಕೆ 12 ದಿನಕ್ಕೆ ರೂ. 240 ಸೇರಿ ರೂ. 6,612. ಕರಪತ್ರದಲ್ಲಿ ಅಗ್ಗವಾಗಿದ್ದದ್ದು ಮನೆಯಲ್ಲಿ ದುಬಾರಿಯಾಯಿತು.

ಮೊಬೈಲ್ ರೀಚಾರ್ಜಿನಲ್ಲಿ 28 ದಿನಗಳ ಲೆಕ್ಕವನ್ನು ಮರೆಯಬಾರದು. 28 ದಿನದ ಯೋಜನೆಯನ್ನು ವರ್ಷಕ್ಕೆ 12 ಸಲವಲ್ಲ, 13 ಸಲ ಹಾಕಿಸಬೇಕು. ರೂ. 300ರ ಯೋಜನೆಗೆ ವರ್ಷಕ್ಕೆ ರೂ. 3,600 ಅಲ್ಲ, ರೂ. 3,900. 2022ರ ಜನವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, 30 ದಿನದ ಒಂದು ಯೋಜನೆಯನ್ನೂ ಪ್ರತಿ ತಿಂಗಳು ಒಂದೇ ತಾರೀಖಿಗೆ ನವೀಕರಿಸುವ ಒಂದು ಯೋಜನೆಯನ್ನೂ ಕಂಪನಿಗಳು ಇಡಲೇಬೇಕೆಂದು ಆದೇಶಿಸಿತು. ಅದನ್ನು ಕೇಳಿ, ದಿನದ ಲೆಕ್ಕದಲ್ಲಿ ಹೋಲಿಸಿ.

ಮನೆಗೆ ಫೈಬರ್ ಬಂದ ಮೇಲೆ ಎಲ್ಲ ಫೋನುಗಳಿಗೂ ಡೇಟಾ ಹಾಕಿಸುವ ಅಗತ್ಯವಿಲ್ಲ. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಹೊರಡಿಸಿದ ತಿದ್ದುಪಡಿಯಂತೆ ಕರೆ ಮತ್ತು ಎಸ್.ಎಂ.ಎಸ್.ಗೆ ಮಾತ್ರ ಸೀಮಿತವಾದ, 365 ದಿನದವರೆಗೂ ಅವಧಿ ಇರಬಹುದಾದ ಯೋಜನೆಯೊಂದನ್ನು ಕಂಪನಿಗಳು ಕೊಡಬೇಕಾಗಿದೆ. ಇಂತಹ ಯೋಜನೆಗೆ ವರ್ಷಕ್ಕೆ ರೂ. 1,800 ಎಂದಿರಲಿ. ಹೊಲಕ್ಕೆ, ಸಂತೆಗೆ ಹೋಗುವವರ ಒಂದು ಫೋನಿಗೆ ಮಾತ್ರ ಡೇಟಾ ಉಳಿಸಿಕೊಂಡು, ಉಳಿದವಕ್ಕೆ ಕರೆಯ ಯೋಜನೆ ಹಾಕಿಸಿ, ರೂ. 6,372ರ ಫೈಬರ್ ಪಡೆದರೆ ಲೆಕ್ಕ ಹೀಗಾಗುತ್ತದೆ:

ಮೂರು ಫೋನುಗಳ ಮನೆ: ಎಲ್ಲಕ್ಕೂ ಡೇಟಾ ಹಾಕಿಸಿದರೆ ರೂ. 11,700, ಫೈಬರ್ ಪಡೆದರೆ ರೂ. 13,872.
ನಾಲ್ಕು ಫೋನುಗಳ ಮನೆ: ಎಲ್ಲಕ್ಕೂ ಡೇಟಾ ಹಾಕಿಸಿದರೆ ರೂ. 15,600, ಫೈಬರ್ ಪಡೆದರೆ ರೂ. 15,672.
ಐದು ಫೋನುಗಳ ಮನೆ: ಎಲ್ಲಕ್ಕೂ ಡೇಟಾ ಹಾಕಿಸಿದರೆ ರೂ. 19,500, ಫೈಬರ್ ಪಡೆದರೆ ರೂ. 17,472.

ಅಂದರೆ ಈ ದರಗಳಲ್ಲಿ ನಾಲ್ಕು ಫೋನುಗಳಿಗೆ ಖರ್ಚು ಸರಿಸಮವಾಗುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಫೈಬರ್ ಉಳಿತಾಯ, ಕಡಿಮೆಯಿದ್ದರೆ ಹೆಚ್ಚುವರಿ ಖರ್ಚು. ಫೋನು ಕಡಿಮೆಯಿದ್ದರೂ ಮಗನೋ ಮಗಳೋ ಕಾಲೇಜಿನ ಓದಿಗೆ ದಿನವೂ ಗಂಟೆಗಟ್ಟಲೆ ಬಳಸುವಂತಿದ್ದರೆ ಆ ಹೆಚ್ಚುವರಿ ಖರ್ಚನ್ನು ವಿದ್ಯಾಭ್ಯಾಸದ ಖರ್ಚೆಂದು ಭಾವಿಸಿ ತೀರ್ಮಾನಿಸಿ.

ಕೆಟ್ಟಾಗ ಬರುವವರು ಯಾರು?

ಪಂಪ್‌ಸೆಟ್ ಕೊಳ್ಳುವಾಗ ಮೆಕ್ಯಾನಿಕ್ ಎಲ್ಲಿದ್ದಾನೆಂದು ಕೇಳುವ ನಾವು ಇಂಟರ್ನೆಟ್ ಪಡೆಯುವಾಗ ಈ ಪ್ರಶ್ನೆಯನ್ನೇ ಮರೆಯುತ್ತೇವೆ. ಹಳ್ಳಿಯಲ್ಲಿ ಫೈಬರ್ ತಂತಿ ಕಂಬದಿಂದ ಕಂಬಕ್ಕೆ ಹೋಗುತ್ತದೆ. ಕಬ್ಬಿನ ಲೋಡು ತಗಲಿ, ಮರದ ಕೊಂಬೆ ಬಿದ್ದು, ಜೆ.ಸಿ.ಬಿ. ಅಗೆದು, ಬದುವಿನ ರವದಿಗೆ ಬೆಂಕಿ ಹಚ್ಚಿದಾಗ ಸುಟ್ಟು ತುಂಡಾಗುವುದುಂಟು. ತುಂಡಾದ ಗಾಜಿನ ಎಳೆಯನ್ನು ಕೈಯಿಂದ ಹೊಸೆದು ಕೂಡಿಸಲಾಗದು. ಅದಕ್ಕೆ ಯಂತ್ರವೂ ತರಬೇತಾದ ಕೆಲಸಗಾರನೂ ಬೇಕು. ಆದುದರಿಂದ ಆ ಕೆಲಸಗಾರ ನಿಮ್ಮ ಹೋಬಳಿಯಲ್ಲಿದ್ದಾನೆಯೇ, ದೂರದ ಪಟ್ಟಣದಿಂದ ಬರಬೇಕೇ ಎಂಬುದು ಬಾಡಿಗೆಯಷ್ಟೇ ಮುಖ್ಯ.

ಇದನ್ನು ತಿಳಿಯಲು ಕಂಪನಿಯ ಮಾರಾಟಗಾರನನ್ನು ಕೇಳಿ ಪ್ರಯೋಜನವಿಲ್ಲ. ಅದೇ ಸಂಪರ್ಕವನ್ನು ಒಂದು ಮಳೆಗಾಲ ಪೂರ್ತಿ ಬಳಸಿದ ಮೂರು ಮನೆಯವರನ್ನು ಕೇಳಿ. ವರ್ಷದಲ್ಲಿ ಎಷ್ಟು ಸಲ ನಿಂತಿತು, ದುರಸ್ತಿಗೆ ಎಷ್ಟು ದಿನ ಹಿಡಿಯಿತು, ಬಂದವರು ಪ್ರತ್ಯೇಕ ಹಣ ಕೇಳಿದರೇ, ಸಂಜೆ ವೇಗ ಹೇಗಿರುತ್ತದೆ ಎಂಬ ನಾಲ್ಕು ಪ್ರಶ್ನೆಗಳು ಸಾಕು.

ವಿದ್ಯುತ್ ಮತ್ತು ಜೋಡಣೆ

ಗೋಡೆಗೆ ಹಾಕುವ ಫೈಬರ್ ಮೋಡೆಮ್ ಸಾಮಾನ್ಯವಾಗಿ 12 ವೋಲ್ಟ್‌ನಲ್ಲಿ ನಡೆಯುತ್ತದೆ. ಕರೆಂಟು ಹೋದರೆ ಇಂಟರ್ನೆಟ್ಟೂ ಹೋಗುತ್ತದೆ. ರೂಟರ್‌ಗೆಂದೇ ಮಾಡಿದ ಚಿಕ್ಕ ಯು.ಪಿ.ಎಸ್. ಇಟ್ಟರೆ ಕೆಲವು ಗಂಟೆ ನಡೆಯುತ್ತದೆ. ಸ್ಪ್ರೇಯರ್ ಅಥವಾ ಟ್ರ್ಯಾಕ್ಟರ್ ಬ್ಯಾಟರಿಯಿಂದ ನೇರವಾಗಿ ಕೊಡಬೇಡಿ. ಚಾರ್ಜಾಗುವಾಗ ಅದರ ವೋಲ್ಟೇಜು 14ರವರೆಗೂ ಏರಿ ಮೋಡೆಮ್ ಸುಡಬಹುದು. ಕಂಪನಿಯ ಉಪಕರಣ ಇರುವ ಕಡೆ ಬ್ಯಾಟರಿ ಇಲ್ಲದಿದ್ದರೆ ನಿಮ್ಮ ಯು.ಪಿ.ಎಸ್. ವ್ಯರ್ಥ, ಆದುದರಿಂದ ಅದನ್ನೂ ಮೊದಲೇ ಕೇಳಿ.

ಮುಂಗಾರಿನ ಗುಡುಗು ಮಿಂಚಿನ ಹೊತ್ತಿನಲ್ಲಿ ಮೋಡೆಮ್‌ನ ಪ್ಲಗ್ ತೆಗೆದಿಡಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದಿದ್ದರೂ ಕರೆಂಟಿನ ತಂತಿಯ ಮೂಲಕ ಬರುವ ಏರಿಳಿತ ಅದನ್ನು ಕೆಡಿಸುತ್ತದೆ.

ಜೋಡಿಸುವ ದಿನ ಕೆಲಸಗಾರನ ಬಳಿ ಬೆಳಕಿನ ಶಕ್ತಿ ಅಳೆಯುವ ಮೀಟರ್ ಇರುತ್ತದೆ. ಮನೆಯಲ್ಲಿ ಸಿಗುವ ಅಳತೆಯನ್ನು ಕೇಳಿ ಬರೆದಿಡಿ. ಇದು ಮೈನಸ್ ಸಂಖ್ಯೆಯಲ್ಲಿರುತ್ತದೆ. ಸಾಮಾನ್ಯವಾಗಿ ಮೈನಸ್ 15ರಿಂದ ಮೈನಸ್ 25ರೊಳಗಿದ್ದರೆ ಒಳ್ಳೆಯದು. ಮೈನಸ್ 27ರ ಹತ್ತಿರ ಹೋದರೆ ಸಂಪರ್ಕ ಪದೇ ಪದೇ ಕಡಿಯುತ್ತದೆ. ತಂತಿಯನ್ನು ಮೂಲೆಯಲ್ಲಿ ಚೂಪಾಗಿ ಮಡಿಸಬಾರದು, ಅದರ ಮೇಲೆ ಮೊಳೆ ಹೊಡೆಯಬಾರದು. ಮೋಡೆಮ್‌ನಲ್ಲಿ ಎಲ್.ಓ.ಎಸ್. ಎಂಬ ಇಂಗ್ಲಿಷ್ ಅಕ್ಷರಗಳ ಬಳಿ ಕೆಂಪು ದೀಪ ಮಿನುಗಿದರೆ ಬೆಳಕು ಬರುತ್ತಿಲ್ಲ, ಅಂದರೆ ತಂತಿಯಲ್ಲೇ ದೋಷ. ಆ ದೀಪವಿಲ್ಲದೆ ಇಂಟರ್ನೆಟ್ ಮಾತ್ರ ಬರದಿದ್ದರೆ ಬಾಡಿಗೆ ಬಾಕಿ ಇದೆಯೇ ನೋಡಿ, ಮೋಡೆಮ್ ಆರಿಸಿ ಹಚ್ಚಿ, ಆಮೇಲೆ ದೂರು ಕೊಡಿ.

ಮೋಡೆಮ್ ಮನೆಯ ನಡುವೆ, ಎದೆಯೆತ್ತರದಲ್ಲಿರಲಿ. ಕಲ್ಲಿನ ಮತ್ತು ಮಣ್ಣಿನ ದಪ್ಪ ಗೋಡೆಗಳು, ಕಬ್ಬಿಣದ ಬೀರು ವೈಫೈಯನ್ನು ತಡೆಯುತ್ತವೆ. ಅದರ ಪಾಸ್‌ವರ್ಡನ್ನು ಮೊದಲ ದಿನವೇ ಬದಲಾಯಿಸಿ.

ಹಣ ಕಟ್ಟುವ ಮುನ್ನ

ಒಂದು ವರ್ಷದ ಬಾಡಿಗೆ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂಬ ಆಸೆಗೆ ಮೊದಲೇ ಒಳಗಾಗಬೇಡಿ. ಮೊದಲು ಒಂದು ತಿಂಗಳಿಗೆ ಮಾತ್ರ ಕಟ್ಟಿ, ಬಳಸಿ ನೋಡಿ. ಬೆಳಿಗ್ಗೆ, ಮಧ್ಯಾಹ್ನ ಮತ್ತು ರಾತ್ರಿ 8 ಗಂಟೆಗೆ ಟ್ರಾಯ್ ಸಂಸ್ಥೆಯ ಮೈ ಸ್ಪೀಡ್ ಆ್ಯಪ್‌ನಿಂದ ವೇಗ ಅಳೆದು ಬರೆದಿಡಿ. ತೃಪ್ತಿಯಾದರೆ ಮುಂದೆ ಆರು ತಿಂಗಳಿಗೆ ಕಟ್ಟಬಹುದು. ಮೊಬೈಲ್ ಸಂಖ್ಯೆಯನ್ನು ಉಳಿಸಿಕೊಂಡು ಕಂಪನಿ ಬದಲಿಸುವಂತೆ ಫೈಬರ್ ಸಂಪರ್ಕವನ್ನು ಬದಲಿಸಲಾಗುವುದಿಲ್ಲ. ಹೊಸ ತಂತಿ, ಹೊಸ ಜೋಡಣೆ ಬೇಕಾಗುತ್ತದೆ. ಮೋಡೆಮ್ ನಿಮ್ಮದೋ ಕಂಪನಿಯದೋ, ಠೇವಣಿ ಯಾವಾಗ ಮರಳುತ್ತದೆ, ಬೇಡವೆಂದರೆ ಎಷ್ಟು ದಿನ ಮುಂಚೆ ತಿಳಿಸಬೇಕು ಎಂಬುದು ಬರವಣಿಗೆಯಲ್ಲಿರಲಿ. ಪ್ರತಿ ಪಾವತಿಗೂ ರಶೀದಿ ಪಡೆಯಿರಿ.

ದೂರು ಕೊಡುವ ಕ್ರಮ

ಕೆಟ್ಟಾಗ ಲೈನ್‌ಮನ್‌ಗೆ ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಕಂಪನಿಯ ದೂರು ಕೇಂದ್ರಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆದು ತಾರೀಖಿನೊಡನೆ ಬರೆದಿಡಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಮನವಿ ಸಲ್ಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಟ್ರಾಯ್ ಸಂಸ್ಥೆ ಒಬ್ಬೊಬ್ಬರ ದೂರನ್ನು ವಿಚಾರಿಸುವುದಿಲ್ಲ. ಕಂಪನಿಯವರೆಂದು ಹೇಳಿ ಫೋನಿನಲ್ಲಿ ಓ.ಟಿ.ಪಿ. ಕೇಳುವವರಿಗೆ ಅದನ್ನು ಕೊಡಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ನೀವೇ ಮಾಡಿ ನೋಡಿ

ಒಂದು ಹಾಳೆಯಲ್ಲಿ ನಿಮ್ಮ ಊರಿಗೆ ಬರುವ ಪ್ರತಿ ಕಂಪನಿಗೂ ಒಂದೊಂದು ಸಾಲು ಎಳೆದು ಈ ವಿವರಗಳನ್ನು ತುಂಬಿ:

1. ನಮ್ಮ ಮನೆಗೆ ತಿಂಗಳಿಗೆ ಬೇಕಾದ ಜಿ.ಬಿ. ಎಷ್ಟು? ಈ ಯೋಜನೆಯ ಮಿತಿ ಎಷ್ಟು?
2. ತೆರಿಗೆ ಸೇರಿದ ಬಾಡಿಗೆ ವರ್ಷಕ್ಕೆ ಎಷ್ಟು?
3. ಜೋಡಣೆ, ಮೋಡೆಮ್, ಠೇವಣಿ ಎಷ್ಟು?
4. ರಾತ್ರಿ 8 ಗಂಟೆಗೆ ನೆರೆಮನೆಯಲ್ಲಿ ಅಳೆದ ವೇಗ ಎಷ್ಟು?
5. ಕಳೆದ ಮಳೆಗಾಲದಲ್ಲಿ ಎಷ್ಟು ದಿನ ನಿಂತಿತ್ತು?
6. ದುರಸ್ತಿಯವನು ಇರುವ ಊರು ಯಾವುದು?
7. ಫೈಬರ್ ಬಂದರೆ ಎಷ್ಟು ಫೋನುಗಳ ಡೇಟಾ ನಿಲ್ಲಿಸಬಹುದು?

ಎರಡನೆಯ ಮತ್ತು ಮೂರನೆಯ ಅಂಕಣಗಳನ್ನು ಕೂಡಿ, ನಿಂತ ದಿನಗಳ ಹೆಚ್ಚುವರಿ ಖರ್ಚನ್ನು ಸೇರಿಸಿ, ನಿಲ್ಲಿಸಿದ ಡೇಟಾದ ಉಳಿತಾಯವನ್ನು ಕಳೆಯಿರಿ. ಉಳಿಯುವ ಮೊತ್ತ ಯಾವುದಕ್ಕೆ ಕಡಿಮೆಯೋ ಅದೇ ನಿಮ್ಮ ಮನೆಗೆ ಅಗ್ಗದ ಸಂಪರ್ಕ. ಎರಡು ಸಮನಾಗಿ ಬಂದರೆ ದುರಸ್ತಿಯವನು ಹತ್ತಿರವಿರುವುದನ್ನೇ ಆರಿಸಿ. ಹಾಳೆಯನ್ನು ಎಸೆಯದೆ ಇಟ್ಟುಕೊಳ್ಳಿ, ದರಗಳು ಬದಲಾಗುತ್ತಿರುತ್ತವೆ. 2024ರ ಜುಲೈನಲ್ಲಿ ಖಾಸಗಿ ಮೊಬೈಲ್ ಕಂಪನಿಗಳು ದರ ಏರಿಸಿದಾಗ ಅನೇಕ ಮನೆಗಳ ಲೆಕ್ಕ ಬದಲಾಯಿತು. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ ಬಿಡುವಿನಲ್ಲಿ ಈ ಲೆಕ್ಕವನ್ನು ಮತ್ತೆ ಮಾಡಿ ನೋಡುವುದು ಒಳ್ಳೆಯದು.